ಗ್ರಹದಿಂದ ದೂರ ಹೋದಂತೆ ಪ್ರಚ್ಛನ್ನ ಶಕ್ತಿ ಏರುತ್ತದೋ, ಇಳಿಯುತ್ತದೋ? ಉತ್ತರ ನೋಡಿ ತಲೆ ಕೆಟ್ಟಿದೆ

ಮೂರನೇ_ಬೆಂಚು

ಎಲ್ಲರಿಗೂ ನಮಸ್ಕಾರ. ನಿನ್ನೆ ಒಂದು ಅಭ್ಯಾಸ ಪರೀಕ್ಷೆ ಬರೆದೆ. ಪ್ರಶ್ನೆ ಇಷ್ಟೇ: ಗ್ರಹದ ಕೇಂದ್ರದಿಂದ ದೂರ ಹೆಚ್ಚಿದಂತೆ ವಸ್ತುವಿನ ಗುರುತ್ವ ಪ್ರಚ್ಛನ್ನ ಶಕ್ತಿ ಏನಾಗುತ್ತದೆ? ನಾನು "ಕಡಿಮೆಯಾಗುತ್ತದೆ" ಅಂತ ಗುರುತು ಹಾಕಿದೆ. ಹಿಂದಿನ ಪುಟದ ಉತ್ತರ "ಹೆಚ್ಚುತ್ತದೆ" ಅನ್ನುತ್ತಿದೆ.

ನನ್ನ ವಾದ ಕೇಳಿ. ದೂರ ಹೋದಂತೆ ಗುರುತ್ವ ಬಲವೇ ಸೋಲುತ್ತದೆ. ದೂರ ಎರಡು ಪಟ್ಟಾದರೆ ಬಲ ಕಾಲು ಭಾಗ. ಬಲವೇ ಇಲ್ಲದ ಕಡೆ ಶಕ್ತಿ ಎಲ್ಲಿಂದ ಬರಬೇಕು? ಸೂತ್ರದಲ್ಲೂ (ಮೈನಸ್ GMm/r; G ಗುರುತ್ವ ಸ್ಥಿರಾಂಕ, M ಗ್ರಹದ ದ್ರವ್ಯರಾಶಿ, m ವಸ್ತುವಿನದು, r ದೂರ) ದೂರ ಕೂತಿರುವುದು ಕೆಳಗೆ, ಛೇದದಲ್ಲಿ. ಛೇದ ದೊಡ್ಡದಾದರೆ ಬೆಲೆ ಚಿಕ್ಕದಾಗಬೇಕು, ಅಲ್ವಾ? ಅನಂತ ದೂರದಲ್ಲಿ ಸೊನ್ನೆ ಅಂತ ಪುಸ್ತಕವೇ ಹೇಳುತ್ತದೆ. ಏರುತ್ತಾ ಏರುತ್ತಾ ಹೋದದ್ದು ಕೊನೆಗೆ ಸೊನ್ನೆ ಆಗುವುದು ಹೇಗೆ?

ಇನ್ನೊಂದು ಕಡೆ ಹೈಸ್ಕೂಲಿನ ಎಂಜಿಎಚ್ (ದ್ರವ್ಯರಾಶಿ ಗುಣಿಸು ಗುರುತ್ವ ವೇಗೋತ್ಕರ್ಷ ಗುಣಿಸು ಎತ್ತರ) ಇದೆ. ಅದರ ಪ್ರಕಾರ ಎತ್ತರ ಹೆಚ್ಚಿದಷ್ಟೂ ಶಕ್ತಿ ಜಾಸ್ತಿ, ಮಿತಿಯೇ ಇಲ್ಲ. ಎರಡು ಸೂತ್ರ ಸೇರಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನೋ ಹಾಗಾಗಿದೆ. ನನ್ನ ಗೆಳೆಯ ಉತ್ತರವೇ ಅಚ್ಚಿನ ತಪ್ಪು ಅನ್ನುತ್ತಿದ್ದಾನೆ.

ಗುಂಡುಕಲ್ಲು

ಮೈನಸ್ ಚಿಹ್ನೆ ಮರೆತಿದ್ದೀರಿ. ಮೈನಸ್ 10 ಇದ್ದದ್ದು ಮೈನಸ್ 5 ಆದರೆ ಏರಿತಾ, ಇಳಿಯಿತಾ? ಅಷ್ಟೇ ವಿಷಯ. ಉತ್ತರ ಸರಿಯಾಗಿಯೇ ಇದೆ.

ಮೂರನೇ_ಬೆಂಚು

ಮೈನಸ್ ಇರುವುದು ಗೊತ್ತು ಸರ್. ಅದು ಎಲ್ಲಿಂದ ಬಂತು ಅನ್ನುವುದೇ ತಿಳಿಯುತ್ತಿಲ್ಲ. ಉತ್ತರ ಹೊಂದಲಿ ಅಂತ ಯಾರೋ ಆಮೇಲೆ ತಂದು ಅಂಟಿಸಿದ ಹಾಗೆ ಕಾಣುತ್ತದೆ. ಶಕ್ತಿ ಸೊನ್ನೆಗಿಂತ ಕಡಿಮೆ ಅಂದರೆ ಏನರ್ಥ? ನನ್ನ ಹತ್ತಿರ ಮೈನಸ್ ಮೂರು ಪೆನ್ನು ಇದೆ ಅಂದ ಹಾಗಾಯಿತು.

ಹಳೇ_ಮೇಷ್ಟ್ರು

ಪೆನ್ನಿನ ಮಾತು ಚೆನ್ನಾಗಿದೆ. ಆದರೆ ಮೂರು ಪೆನ್ನು ಯಾರಿಗೋ ವಾಪಸ್ ಕೊಡುವುದು ಬಾಕಿ ಇದ್ದರೆ? ಆಗ ಮೈನಸ್ ಮೂರಕ್ಕೂ ಅರ್ಥ ಬಂತಲ್ಲ. ಅಲ್ಲಿಗೆ ಆಮೇಲೆ ಬರೋಣ. ಮೊದಲು ಸೂತ್ರದ ಪುಸ್ತಕ ಸ್ವಲ್ಪ ಹೊತ್ತು ಮಡಚಿಡಿ.

ಒಂದು ಕಿಲೋ ಕಲ್ಲು ನೆಲದ ಮೇಲಿದೆ. ಅದನ್ನು ಎತ್ತಬೇಕಾದರೆ ಗ್ರಹದ ಎಳೆತದ ವಿರುದ್ಧ ನೀವು ಕೆಲಸ ಮಾಡಬೇಕು. ಆ ಕೆಲಸ ಎಲ್ಲೂ ಕಳೆದುಹೋಗುವುದಿಲ್ಲ. ಕಲ್ಲು ಬಿಟ್ಟರೆ ಅಷ್ಟೂ ವೇಗದ ರೂಪದಲ್ಲಿ ವಾಪಸ್ ಬರುತ್ತದೆ. ಹಾಗೆ ಕೂಡಿಟ್ಟದ್ದೇ ಪ್ರಚ್ಛನ್ನ ಶಕ್ತಿ. ಈಗ ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ಎತ್ತರ ಹೋದ ಮೇಲೆ ಗ್ರಹ ಕಲ್ಲನ್ನು ಎಳೆಯುವುದು ಬಿಟ್ಟು ಹೊರಗೆ ತಳ್ಳಲು ಶುರುಮಾಡುತ್ತದೆ? ಅಂಥ ಜಾಗವೇ ಇಲ್ಲ. ಎಲ್ಲಿ ನಿಂತರೂ ಎಳೆತ ಒಳಗೇ. ಅಂದರೆ ಹೊರಗಿಡುವ ಪ್ರತಿ ಹೆಜ್ಜೆಗೂ ನೀವು ಕೈಯಿಂದ ಏನಾದರೂ ಹಾಕಲೇಬೇಕು. ಹಾಕುತ್ತಲೇ ಇದ್ದರೆ ಕೂಡಿಟ್ಟದ್ದು ಇಳಿಯುವುದು ಹೇಗೆ?

ಬಲ ಕಡಿಮೆಯಾಗುತ್ತದಲ್ಲ ಅಂದಿರಿ. ನಿಜ. ಅದರಿಂದ ಮುಂದಿನ ಹೆಜ್ಜೆ ಅಗ್ಗವಾಗುತ್ತದೆ, ಅಷ್ಟೇ. ಪ್ರತಿ ವರ್ಷ ಇನ್‌ಕ್ರಿಮೆಂಟ್ ಕಡಿಮೆಯಾಗುತ್ತಾ ಬಂದರೂ ಸಂಬಳ ಏರುತ್ತಲೇ ಇರುತ್ತದಲ್ಲ, ಹಾಗೆ. ನೀವು ಇನ್‌ಕ್ರಿಮೆಂಟ್ ನೋಡಿ ಸಂಬಳ ಇಳಿಯಿತು ಅಂದುಕೊಂಡಿದ್ದೀರಿ. ಬಲ ಅನ್ನುವುದು ಗ್ರಾಫಿನ ಇಳಿಜಾರು. ಶಕ್ತಿ ಅನ್ನುವುದು ಗ್ರಾಫಿನ ಎತ್ತರ. ಎರಡೂ ಬೇರೆ.

ಈಗ ಭೂಮಿಯ ಲೆಕ್ಕ ನೋಡಿ. ತ್ರಿಜ್ಯ ಸುಮಾರು 6,371 ಕಿಲೋಮೀಟರ್. ಒಂದು ಕಿಲೋ ಕಲ್ಲನ್ನು ಮೇಲ್ಮೈಯಿಂದ ಇನ್ನೊಂದು ತ್ರಿಜ್ಯದಷ್ಟು ಮೇಲಕ್ಕೆ ಒಯ್ಯಲು ಸುಮಾರು 31.3 ಮೆಗಾಜೂಲ್ ಬೇಕು. ಒಂದು ಮೆಗಾಜೂಲ್ ಅಂದರೆ 10 ಲಕ್ಷ ಜೂಲ್. ಅದರ ಮೇಲಿನ ಇನ್ನೊಂದು ತ್ರಿಜ್ಯಕ್ಕೆ 10.4 ಸಾಕು. ಅದರಾಚೆಯ ತ್ರಿಜ್ಯಕ್ಕೆ 5.2. ಕೇಂದ್ರದಿಂದ ಒಂಬತ್ತು ತ್ರಿಜ್ಯ ದೂರದಿಂದ ಹತ್ತನೆಯದಕ್ಕೆ ಹೋಗಲು ಬರೀ 0.7. ಖರ್ಚು ಯಾವತ್ತೂ ಸೊನ್ನೆಯಾಗುವುದಿಲ್ಲ. ಆದರೆ ಎಷ್ಟು ಬೇಗ ಕರಗುತ್ತದೆ ಅಂದರೆ, ಅನಂತದವರೆಗೆ ಎಲ್ಲವನ್ನೂ ಕೂಡಿದರೂ ಮೊತ್ತ 62.5 ಮೆಗಾಜೂಲ್ ದಾಟುವುದಿಲ್ಲ.

ಈಗ ಮೈನಸ್. ಸೊನ್ನೆಯನ್ನು ಎಲ್ಲಿ ಇಡಬೇಕು ಅನ್ನುವುದು ನಮ್ಮ ಇಷ್ಟ. ಎಂಜಿಎಚ್‌ನಲ್ಲಿ ನೆಲದ ಮೇಲೆ ಇಡುತ್ತೇವೆ. ಮೇಜಿನ ಮೇಲೆ ಇಟ್ಟರೂ ತಪ್ಪಿಲ್ಲ. ಗ್ರಹದ ವಿಷಯಕ್ಕೆ ಬಂದರೆ ಎಲ್ಲ ಗ್ರಹಕ್ಕೂ ಒಪ್ಪುವ ಒಂದೇ ಜಾಗ ಬೇಕು. ಎಳೆತ ಪೂರ್ತಿ ಆರಿಹೋಗುವ ಅನಂತ ದೂರ ಅಂಥ ಜಾಗ. ಅಲ್ಲಿ ಸೊನ್ನೆ ಇಟ್ಟಿರಿ, ಅಲ್ಲಿಗೆ ಹೋಗುವವರೆಗೂ ಶಕ್ತಿ ಏರುತ್ತಲೇ ಇರುತ್ತದೆ. ಹಾಗಾದರೆ ಅದಕ್ಕೆ ಮೊದಲು ಇದ್ದದ್ದೆಲ್ಲ ಸೊನ್ನೆಗಿಂತ ಕೆಳಗೇ ಇರಬೇಕು. ಮೈನಸ್ ಯಾರೂ ಅಂಟಿಸಿದ್ದಲ್ಲ, ಸೊನ್ನೆಯನ್ನು ಮೇಲಿಟ್ಟಿದ್ದರಿಂದ ತಾನಾಗಿ ಬಂದದ್ದು. ಭೂಮಿಯ ಮೇಲ್ಮೈಯಲ್ಲಿ ಕಿಲೋಗೆ ಮೈನಸ್ 62.5 ಮೆಗಾಜೂಲ್ ಅಂದರೆ, ಹೊರಗೆ ಹೋಗಬೇಕಾದರೆ ಇಷ್ಟು ಸಾಲ ತೀರಿಸಬೇಕು ಅಂತ.

ತರಲೆ_ತಿಮ್ಮ

ಅಂದರೆ ನಾವೆಲ್ಲ ಹುಟ್ಟುತ್ತಲೇ ಸಾಲಗಾರರು. ಒಬ್ಬೊಬ್ಬರ ತೂಕಕ್ಕೆ ತಕ್ಕ ಸಾಲ.

ಅಳತೆಗೋಲು

ಮೇಷ್ಟ್ರು ಹೇಳಿದ 62.5 ಮೆಗಾಜೂಲ್ ಎಷ್ಟು ದೊಡ್ಡದು ಅಂತ ನೋಡಿದೆ. ಕರೆಂಟಿನ ಒಂದು ಯೂನಿಟ್ ಅಂದರೆ 3.6 ಮೆಗಾಜೂಲ್. ಅಂದರೆ ಒಂದು ಕಿಲೋವನ್ನು ಭೂಮಿಯ ಹಿಡಿತದಿಂದ ಪೂರ್ತಿ ಬಿಡಿಸಲು ಸುಮಾರು 17 ಯೂನಿಟ್ ಸಾಕು. ಇಷ್ಟು ಕಡಿಮೆಯಾ ಅನಿಸುತ್ತದೆ. ಆದರೆ ರಾಕೆಟ್ ತನ್ನ ಇಂಧನವನ್ನೂ ತಾನೇ ಹೊತ್ತು ಮೇಲಕ್ಕೆ ಹೋಗಬೇಕು. ದುಬಾರಿಯಾಗುವುದು ಅಲ್ಲಿ.

ಇಷ್ಟೂ ಶಕ್ತಿಯನ್ನು ನೆಲದಲ್ಲೇ ಒಂದೇ ಏಟಿಗೆ ವೇಗವಾಗಿ ಕೊಟ್ಟರೆ ಸೆಕೆಂಡಿಗೆ 11.2 ಕಿಲೋಮೀಟರ್ ಬರುತ್ತದೆ. ಅದೇ ವಿಮೋಚನಾ ವೇಗ. ಗಾಳಿಯ ತಡೆ ಲೆಕ್ಕಕ್ಕೆ ಹಿಡಿದಿಲ್ಲ ಅನ್ನುವುದು ನೆನಪಿರಲಿ.

ಇನ್ನು ಎಂಜಿಎಚ್ ಜಗಳ. ಅದು ತಪ್ಪು ಸೂತ್ರವಲ್ಲ, ದೊಡ್ಡ ಸೂತ್ರದ ಒಂದು ಚಿಕ್ಕ ತುಂಡು. ಬಾಗಿದ ಗೆರೆಯನ್ನು ತುಂಬಾ ಹತ್ತಿರದಿಂದ ನೋಡಿದರೆ ನೇರವಾಗಿ ಕಾಣುತ್ತದಲ್ಲ, ಹಾಗೆ. 10 ಮೀಟರ್ ಎತ್ತರಕ್ಕೆ ಎಂಜಿಎಚ್ ಮಾಡುವ ತಪ್ಪು 10 ಲಕ್ಷದಲ್ಲಿ ಒಂದೂವರೆ ಪಾಲು. 8,849 ಮೀಟರಿನ ಎವರೆಸ್ಟ್ ತುದಿಗೆ ಹೋದರೂ 700ರಲ್ಲಿ ಒಂದು ಪಾಲಿನಷ್ಟು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿಲೋಮೀಟರ್ ಮೇಲಿದೆ. ಅಲ್ಲಿಗೆ ಎಂಜಿಎಚ್ ಕಿಲೋಗೆ 3.9 ಮೆಗಾಜೂಲ್ ಅನ್ನುತ್ತದೆ, ನಿಜವಾದದ್ದು 3.7. ಇನ್ನೂ ಪರವಾಗಿಲ್ಲ. ಉಪಗ್ರಹ ಭೂಮಿಯ ತಿರುಗಾಟಕ್ಕೆ ಸರಿಯಾಗಿ ಸುತ್ತುವ ಭೂಸ್ಥಿರ ಕಕ್ಷೆಯ 35,786 ಕಿಲೋಮೀಟರಿಗೆ ಬಂದರೆ ಮಾತ್ರ ಮರ್ಯಾದೆ ಹೋಗುತ್ತದೆ. ಎಂಜಿಎಚ್ ಹೇಳುವುದು 351, ನಿಜ 53.

ಒಂದು ಮಜಾ ಸಿಕ್ಕಿತು. ಎಂಜಿಎಚ್‌ನಲ್ಲಿ ಎತ್ತರದ ಜಾಗಕ್ಕೆ ಭೂಮಿಯ ತ್ರಿಜ್ಯ ಹಾಕಿ ನೋಡಿ. 62.5 ಮೆಗಾಜೂಲ್ ಬರುತ್ತದೆ! ಅಂದರೆ ಎಳೆತ ಸ್ವಲ್ಪವೂ ಕಡಿಮೆಯಾಗದೆ ಇದ್ದಿದ್ದರೆ ಒಂದು ತ್ರಿಜ್ಯ ಏರಲು ಆಗುತ್ತಿದ್ದ ಖರ್ಚಿನಲ್ಲೇ ಈಗ ಅನಂತಕ್ಕೆ ಹೋಗಬಹುದು. ಇದು ಭೂಮಿಗೆ ಮಾತ್ರವಲ್ಲ, ಯಾವ ದುಂಡಗಿನ ಗ್ರಹಕ್ಕೂ ನಿಜ.

ಸುಮ್ನೆ_ಓದುಗ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವವೇ ಇಲ್ಲ ಅಂತಾರಲ್ಲ? ಜನ ತೇಲಾಡುತ್ತಾರೆ. ಹಾಗಿದ್ದರೆ ಅಲ್ಲಿ ಪ್ರಚ್ಛನ್ನ ಶಕ್ತಿ ಸೊನ್ನೆ ಆಗಬೇಕಿತ್ತು.

ಕಕ್ಷೆಗಾರ

ಅಲ್ಲಿ ಗುರುತ್ವ ನೆಲದಲ್ಲಿ ಇರುವುದರ ನೂರಕ್ಕೆ 89ರಷ್ಟು ಇದೆ. ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 8.7 ಮೀಟರಿನಷ್ಟು ಹೆಚ್ಚುತ್ತದೆ. ತೇಲುವುದು ಗುರುತ್ವ ಇಲ್ಲದ್ದಕ್ಕಲ್ಲ. ನಿಲ್ದಾಣವೂ ಒಳಗಿನ ಜನರೂ ಒಟ್ಟಿಗೆ ಬೀಳುತ್ತಾ ಇರುವುದಕ್ಕೆ. ಅಡ್ಡಕ್ಕೆ ಅಷ್ಟು ಜೋರಾಗಿ ಹೋಗುತ್ತಿರುವುದರಿಂದ ಬೀಳುತ್ತಾ ಬೀಳುತ್ತಾ ಭೂಮಿಯನ್ನೇ ಸುತ್ತಿ ಬರುತ್ತಾರೆ.

ಇಲ್ಲಿ ಹೆಚ್ಚಿನವರು ಎಡವುವ ಇನ್ನೊಂದು ಜಾಗವಿದೆ. ಬಾಹ್ಯಾಕಾಶಕ್ಕೆ ಹೋಗುವುದು ಕಷ್ಟ ಅಂದರೆ ಎತ್ತರಕ್ಕೆ ಹೋಗುವುದು ಕಷ್ಟ ಅಂದುಕೊಳ್ಳುತ್ತೇವೆ. ಮೇಲಿನ ಲೆಕ್ಕ ನೋಡಿ, 400 ಕಿಲೋಮೀಟರ್ ಏರಲು ಕಿಲೋಗೆ 3.7 ಮೆಗಾಜೂಲ್ ಸಾಕು. ಅಲ್ಲಿ ನಿಲ್ಲಬೇಕಾದರೆ ಸೆಕೆಂಡಿಗೆ 7.67 ಕಿಲೋಮೀಟರ್ ವೇಗ ಬೇಕು. ಆ ವೇಗಕ್ಕೆ 29.4 ಮೆಗಾಜೂಲ್! ಎತ್ತರಕ್ಕೆ ಹೋಗಿದ್ದಕ್ಕಿಂತ ಎಂಟು ಪಟ್ಟು. ನೇರ ಮೇಲಕ್ಕೆ ಹೋಗಿ ಹಾಗೇ ವಾಪಸ್ ಬೀಳುವ ರಾಕೆಟ್ಟುಗಳು ಚಿಕ್ಕದಾಗಿರುವುದು, ಕಕ್ಷೆಗೆ ಏರಿಸುವವು ಅಷ್ಟು ದೊಡ್ಡದಾಗಿರುವುದು ಇದಕ್ಕೇ.

ಭೂಸ್ಥಿರ ಕಕ್ಷೆಯಲ್ಲಿ ಕಥೆ ತಿರುಗುಮುರುಗು. ಏರುವುದಕ್ಕೆ 53 ಮೆಗಾಜೂಲ್. ಅಲ್ಲಿ ಬೇಕಾದ ವೇಗ ಸೆಕೆಂಡಿಗೆ 3.07 ಕಿಲೋಮೀಟರ್ ಮಾತ್ರ, ಅದಕ್ಕೆ 4.7.

ಚಂದ್ರಯಾನ-3 ನೆನಪಿದೆಯಾ? 2023ರ ಜುಲೈ 14ರಂದು ಹಾರಿ ಮೊದಲು ಸೇರಿದ್ದು ಉದ್ದನೆಯ ಮೊಟ್ಟೆಯಂಥ ಕಕ್ಷೆ. ಹತ್ತಿರದ ತುದಿ 170 ಕಿಲೋಮೀಟರ್ ಎತ್ತರ, ದೂರದ ತುದಿ 36,500. ಇಂಜಿನ್ ಆಫ್ ಆಗಿದ್ದರೂ ಹತ್ತಿರದ ತುದಿಯಲ್ಲಿ ಸೆಕೆಂಡಿಗೆ 10.3 ಕಿಲೋಮೀಟರ್ ವೇಗ, ದೂರದ ತುದಿಯಲ್ಲಿ 1.6 ಅಂತ ಲೆಕ್ಕ ಬರುತ್ತದೆ. ಹೊರಗೆ ಹೋಗುವಾಗ ವೇಗ ಪ್ರಚ್ಛನ್ನ ಶಕ್ತಿಯಾಗುತ್ತದೆ, ಒಳಗೆ ಬರುವಾಗ ಅದೇ ವೇಗವಾಗಿ ವಾಪಸ್ ಬರುತ್ತದೆ. ಎರಡು ತುದಿಗಳ ನಡುವೆ ಕಿಲೋಗೆ 51.6 ಮೆಗಾಜೂಲ್ ಅತ್ತಿಂದಿತ್ತ ಓಡಾಡುತ್ತದೆ. ದೂರ ಹೋದಂತೆ ಪ್ರಚ್ಛನ್ನ ಶಕ್ತಿ ಇಳಿಯುತ್ತದೆ ಅನ್ನುವುದಾದರೆ ನೌಕೆ ಹೊರಗೆ ಹೋಗುತ್ತಾ ವೇಗ ಹೆಚ್ಚಿಸಿಕೊಳ್ಳಬೇಕಿತ್ತು. ಮೂರನೇ ಬೆಂಚಿನವರು ಗೆಳೆಯನಿಗೆ ಇದನ್ನೇ ಹೇಳಬಹುದು.

ಮೂರನೇ_ಬೆಂಚು

ಹೇಳಿದೆ. ಈಗ ಅವನು "ಸೊನ್ನೆ ಎಲ್ಲಿ ಬೇಕಾದರೂ ಇಡಬಹುದು ಅಂದಮೇಲೆ ಇದೆಲ್ಲ ಬರೀ ಲೆಕ್ಕದ ಪುಸ್ತಕ, ನಿಜವಾಗಿ ಏನೂ ಇಲ್ಲ" ಅನ್ನುತ್ತಿದ್ದಾನೆ.

ನಿದ್ದೆಗೆಟ್ಟವಳು

ಸೊನ್ನೆಯ ಜಾಗ ನಮ್ಮಿಷ್ಟ, ನಿಜ. ಎರಡು ಜಾಗಗಳ ನಡುವಿನ ವ್ಯತ್ಯಾಸ ನಮ್ಮಿಷ್ಟವಲ್ಲ. ಆ ವ್ಯತ್ಯಾಸ ಗಡಿಯಾರಕ್ಕೂ ಗೊತ್ತು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಮೇಲಿವೆ. ಗುರುತ್ವದ ಬಾವಿಯಲ್ಲಿ (ಗ್ರಹದ ಹತ್ತಿರ ಆಳ, ದೂರ ಹೋದಂತೆ ಮೇಲೇರುವ ಪ್ರಚ್ಛನ್ನ ಶಕ್ತಿಯ ಗ್ರಾಫು) ನಮಗಿಂತ ಮೇಲೆ ಇರುವುದರಿಂದ ಅಲ್ಲಿನ ಗಡಿಯಾರ ದಿನಕ್ಕೆ ಸುಮಾರು 45 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಓಡಾಟದ ವೇಗದಿಂದ 7 ಹಿಂದೆ ಬೀಳುತ್ತದೆ. ಉಳಿದ 38 ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಫೋನಿನ ಮ್ಯಾಪು ಕಿಲೋಮೀಟರುಗಟ್ಟಲೆ ತಪ್ಪುತ್ತದೆ. ಬರೀ ಲೆಕ್ಕದ ಪುಸ್ತಕವಾಗಿದ್ದರೆ ಗಡಿಯಾರ ಯಾಕೆ ಕೇಳಬೇಕು?

ಅಂದಹಾಗೆ ಪ್ರಚ್ಛನ್ನ ಶಕ್ತಿಗೆ ಇಂಗ್ಲಿಷಿನಲ್ಲಿ ಈಗಿರುವ ಹೆಸರು ಕೊಟ್ಟದ್ದು ವಿಲಿಯಂ ರಾಂಕಿನ್, 1853ರಲ್ಲಿ. ನ್ಯೂಟನ್ನನ ಪುಸ್ತಕ ಬಂದದ್ದು 1687ರಲ್ಲಿ. ಹೆಸರು ಬರಲು ನೂರೈವತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ನಿಮಗೆ ಒಂದು ದಿನ ಗೊಂದಲವಾದರೆ ಬೇಜಾರು ಬೇಡ.

ಗುಂಡುಕಲ್ಲು

ಸೂತ್ರದ ವಿಷಯ ಬಂದಿದ್ದರಿಂದ ನನಗೊಂದು ಅನುಮಾನ. ದೂರ ಛೇದದಲ್ಲಿದೆ. ಕೇಂದ್ರಕ್ಕೆ ಹೋದರೆ ದೂರ ಸೊನ್ನೆ. ಹಾಗಾದರೆ ಅಲ್ಲಿ ಮೈನಸ್ ಅನಂತ? ನನ್ನ ಪ್ರಕಾರ ಹಾಗಲ್ಲ. ಕೇಂದ್ರದಲ್ಲಿ ಎಲ್ಲ ಕಡೆಯಿಂದ ಎಳೆತ ಸಮವಾಗಿ ಬಲ ಸೊನ್ನೆಯಾಗುತ್ತದೆ. ಬಲ ಸೊನ್ನೆ ಅಂದಮೇಲೆ ಪ್ರಚ್ಛನ್ನ ಶಕ್ತಿಯೂ ಅಲ್ಲಿ ಸೊನ್ನೆಯೇ ಇರಬೇಕು.

ಹಳೇ_ಮೇಷ್ಟ್ರು

ಮೊದಲ ಅರ್ಧ ಸರಿ. ಎರಡನೆಯ ಅರ್ಧದಲ್ಲಿ, ಬೇಜಾರು ಮಾಡಿಕೊಳ್ಳಬೇಡಿ, ನೀವೂ ಮೂರನೇ ಬೆಂಚಿಗೇ ಬಂದು ಕೂತಿರಿ.

ಮೈನಸ್ ಅನಂತ ಬರುವುದಿಲ್ಲ. ಆ ಸೂತ್ರ ಗ್ರಹದ ಹೊರಗೆ ಮಾತ್ರ ನಡೆಯುತ್ತದೆ. ಒಳಗೆ ಇಳಿದಂತೆ ನಿಮ್ಮ ತಲೆಯ ಮೇಲಿನ ಪದರದ ಎಳೆತ ಪೂರ್ತಿ ವಜಾ ಆಗುತ್ತದೆ, ಕಾಲ ಕೆಳಗಿನ ಗೋಳ ಮಾತ್ರ ಎಳೆಯುತ್ತದೆ. ಇದನ್ನು ನ್ಯೂಟನ್ ತೋರಿಸಿದ್ದ. ಸಾಂದ್ರತೆ ಎಲ್ಲ ಕಡೆ ಒಂದೇ ಅಂತ ಇಟ್ಟುಕೊಂಡರೆ ಬಲ ಕೇಂದ್ರದವರೆಗೆ ಒಂದೇ ಸಮನೆ ಇಳಿದು ಸೊನ್ನೆ ಮುಟ್ಟುತ್ತದೆ.

ಶಕ್ತಿ? ಮೇಲ್ಮೈಯಿಂದ ಕೇಂದ್ರಕ್ಕೆ ಒಂದು ಸುರಂಗ ಇದೆ ಅಂದುಕೊಳ್ಳಿ. ಕಲ್ಲು ಬಿಟ್ಟರೆ ಕೇಂದ್ರದವರೆಗೂ ವೇಗ ಹೆಚ್ಚಿಸಿಕೊಳ್ಳುತ್ತಲೇ ಹೋಗುತ್ತದೆ. ವೇಗ ಹೆಚ್ಚಿದೆ ಅಂದರೆ ಪ್ರಚ್ಛನ್ನ ಶಕ್ತಿ ಇಳಿದಿದೆ ಅಂತಲೇ ಅರ್ಥ. ಹಾಗಾದರೆ ಎಲ್ಲಕ್ಕಿಂತ ಕಡಿಮೆ ಇರುವುದು ಕೇಂದ್ರದಲ್ಲೇ. ಲೆಕ್ಕ ಮಾಡಿದರೆ ಮೇಲ್ಮೈಯ ಬೆಲೆಯ ಒಂದೂವರೆ ಪಟ್ಟು, ಭೂಮಿಯ ಗಾತ್ರಕ್ಕೆ ಕಿಲೋಗೆ ಮೈನಸ್ 94 ಮೆಗಾಜೂಲ್ ಹತ್ತಿರ. ನಿಜವಾದ ಭೂಮಿಯ ತಿರುಳು ಹೊರಪದರಕ್ಕಿಂತ ತುಂಬಾ ಸಾಂದ್ರ. ಹಾಗಾಗಿ ನಿಜವಾದ ತಳ ಇನ್ನೂ ಆಳ.

ಬಾವಿಯ ತಳ ಚಪ್ಪಟೆ ಇರುತ್ತದಲ್ಲ. ಅಲ್ಲಿ ನಿಂತರೆ ಯಾವ ಕಡೆಗೂ ಜಾರುವುದಿಲ್ಲ. ಹಾಗಂತ ಬಾವಿಯಿಂದ ಹೊರಗೆ ಬಂದಿದ್ದೇವೆ ಅನ್ನಲಾಗುತ್ತದಾ?

ಗುಂಡುಕಲ್ಲು

ಒಪ್ಪಿದೆ ಮೇಷ್ಟ್ರೇ. ಇಳಿಜಾರನ್ನೂ ಎತ್ತರವನ್ನೂ ಕಲಸಿಬಿಟ್ಟೆ. ಮೇಲೆ ಅಷ್ಟು ಜೋರಾಗಿ ಉತ್ತರ ಕೊಟ್ಟಿದ್ದು ನಾನೇ.

ಮೂರನೇ_ಬೆಂಚು

ಈ ಕಡೆ ಬನ್ನಿ ಸರ್, ಜಾಗ ಇದೆ.

ಕಕ್ಷೆಗಾರರ ಅಂಕಿಗಳನ್ನು ಕೂಡಿ ನೋಡಿದೆ. ನಿಲ್ದಾಣದ ಕಕ್ಷೆಯಲ್ಲಿ ಪ್ರಚ್ಛನ್ನ ಶಕ್ತಿ ಕಿಲೋಗೆ ಮೈನಸ್ 58.9 ಮೆಗಾಜೂಲ್, ಚಲನ ಶಕ್ತಿ (ವೇಗದಿಂದ ಬರುವುದು) 29.4. ಒಟ್ಟು ಮೈನಸ್ 29.4. ಭೂಸ್ಥಿರದಲ್ಲಿ ಮೈನಸ್ 9.45 ಮತ್ತು 4.73, ಒಟ್ಟು ಮೈನಸ್ 4.73. ಎರಡು ಕಡೆಯೂ ಒಟ್ಟು ಸರಿಯಾಗಿ ಅರ್ಧ! ಕಾಕತಾಳೀಯವಾ?

ಕಕ್ಷೆಗಾರ

ಅಲ್ಲ. ವೃತ್ತಾಕಾರದ ಕಕ್ಷೆ ಯಾವುದೇ ಇರಲಿ, ಯಾವ ಗ್ರಹದ ಸುತ್ತ ಬೇಕಾದರೂ ಇರಲಿ, ಚಲನ ಶಕ್ತಿ ಯಾವಾಗಲೂ ಸಾಲದ ಅರ್ಧ. ಗುರುತ್ವವೇ ವೃತ್ತದಲ್ಲಿ ತಿರುಗಿಸಬೇಕು ಅನ್ನುವ ಒಂದೇ ಷರತ್ತಿನಿಂದ ಎರಡು ಸಾಲಿನಲ್ಲಿ ಬರುತ್ತದೆ, ಕೂತು ಬಿಡಿಸಿ ನೋಡಿ.

ಇದರಿಂದ ಒಂದು ವಿಚಿತ್ರ ಹುಟ್ಟುತ್ತದೆ. 400 ಕಿಲೋಮೀಟರ್ ಎತ್ತರದಲ್ಲೂ ಒಂದಿಷ್ಟು ತೆಳ್ಳನೆಯ ಗಾಳಿ ಇದೆ. ಅದು ಉಪಗ್ರಹವನ್ನು ತಡೆಯುತ್ತದೆ. ಆಗ ಉಪಗ್ರಹದ ವೇಗ ಏನಾಗುತ್ತದೆ ಹೇಳಿ?

ಸುಮ್ನೆ_ಓದುಗ

ತಡೆದರೆ ನಿಧಾನ ಆಗಬೇಕು. ಇದರಲ್ಲಿ ಏನು ವಿಚಿತ್ರ?

ಕಕ್ಷೆಗಾರ

ಜೋರಾಗುತ್ತದೆ!

ಗಾಳಿ ಉಪಗ್ರಹದ ಒಟ್ಟು ಶಕ್ತಿಯನ್ನು ಕದಿಯುತ್ತದೆ. ಒಟ್ಟು ಶಕ್ತಿ ಇಳಿದರೆ ಕಕ್ಷೆ ಕುಗ್ಗಿ ಕೆಳಗೆ ಬರಬೇಕು. ಕೆಳಗಿನ ಕಕ್ಷೆಯಲ್ಲಿ ಬೇಕಾದ ವೇಗ ಜಾಸ್ತಿ. 400ರಿಂದ 300 ಕಿಲೋಮೀಟರಿಗೆ ನಿಧಾನವಾಗಿ ಇಳಿಯುವ ಉಪಗ್ರಹ ನೋಡಿ. ವೇಗ ಸೆಕೆಂಡಿಗೆ 7.67ರಿಂದ 7.73 ಕಿಲೋಮೀಟರಿಗೆ ಏರುತ್ತದೆ. ಪ್ರಚ್ಛನ್ನ ಶಕ್ತಿ ಕಿಲೋಗೆ 0.88 ಮೆಗಾಜೂಲ್ ಇಳಿಯುತ್ತದೆ. ಅದರಲ್ಲಿ ಅರ್ಧ, 0.44, ವೇಗಕ್ಕೆ ಹೋಯಿತು. ಇನ್ನರ್ಧ ಗಾಳಿಯನ್ನು ಬಿಸಿ ಮಾಡುವುದಕ್ಕೆ ಹೋಯಿತು. ತಡೆದವನಿಗೂ ಪಾಲು, ಓಡಿದವನಿಗೂ ಪಾಲು. ಇಬ್ಬರಿಗೂ ಹಂಚಿದ್ದು ಪ್ರಚ್ಛನ್ನ ಶಕ್ತಿಯೇ.

ಇದನ್ನು ಮೊದಲ ಸಲ ಕೇಳಿದಾಗ ನಾನು ಒಂದು ವಾರ ನಂಬಿರಲಿಲ್ಲ. ಈಗಲೂ ಯಾರಿಗಾದರೂ ಹೇಳುವ ಮೊದಲು ಇನ್ನೊಮ್ಮೆ ಲೆಕ್ಕ ಮಾಡುತ್ತೇನೆ.

ತರಲೆ_ತಿಮ್ಮ

ಬ್ರೇಕ್ ಹಾಕಿದರೆ ಓಡುವ ಗಾಡಿ. ನನ್ನ ಸೈಕಲ್ಲೂ ಹೀಗೇ ಇತ್ತು, ಅದು ರಿಪೇರಿಯಾಗದ್ದಕ್ಕೆ.

ನಿದ್ದೆಗೆಟ್ಟವಳು

ಇದರ ಉಲ್ಟಾ ಕಥೆ ಚಂದ್ರನದು. 1969ರಲ್ಲಿ ಅಪೊಲೊ 11ರವರು ಚಂದ್ರನ ಮೇಲೆ ಕನ್ನಡಿಯಂಥ ಪ್ರತಿಫಲಕ ಇಟ್ಟು ಬಂದರು. ಅಲ್ಲಿಗೆ ಲೇಸರ್ ಬೆಳಕು ಬಿಟ್ಟು, ವಾಪಸ್ ಬರುವ ಸಮಯ ಅಳೆದು ದೂರ ಲೆಕ್ಕ ಹಾಕುತ್ತಾರೆ. ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. ಸಮುದ್ರದ ಉಬ್ಬರದ ಉಬ್ಬು ಅವನನ್ನು ಮುಂದಕ್ಕೆ ಎಳೆಯುತ್ತದೆ. ಮುಂದಕ್ಕೆ ಎಳೆದರೂ ಅವನ ವೇಗ ಕಡಿಮೆಯಾಗುತ್ತಿದೆ! ಒಟ್ಟು ಶಕ್ತಿ ಏರುತ್ತಿದೆ, ಪ್ರಚ್ಛನ್ನ ಶಕ್ತಿ ಅದರ ಎರಡರಷ್ಟು ಏರುತ್ತಿದೆ, ಚಲನ ಶಕ್ತಿ ಇಳಿಯುತ್ತಿದೆ. ಖರ್ಚು ಕೊಡುತ್ತಿರುವುದು ಭೂಮಿಯ ತಿರುಗಾಟ. ಹಾಗಾಗಿ ನಮ್ಮ ದಿನ ತುಂಬಾ ನಿಧಾನವಾಗಿ ಉದ್ದವಾಗುತ್ತಿದೆ.

ಅಳತೆಗೋಲು

ಒಂದು ತಿದ್ದುಪಡಿ. ಎಲ್ಲರೂ "ಕಲ್ಲಿನ ಶಕ್ತಿ", "ಉಪಗ್ರಹದ ಶಕ್ತಿ" ಅನ್ನುತ್ತಿದ್ದೀರಿ. ನಿಜವಾಗಿ ಅದು ಕಲ್ಲು ಮತ್ತು ಗ್ರಹ ಎರಡರ ಜಂಟಿ ಖಾತೆ. ಕಲ್ಲು ಬಿದ್ದಾಗ ಭೂಮಿಯೂ ಕಲ್ಲಿನ ಕಡೆ ಒಂದಿಷ್ಟು ಬೀಳುತ್ತದೆ. ಭೂಮಿ ಅಷ್ಟು ಭಾರ ಇರುವುದರಿಂದ ಅದರ ಪಾಲಿನ ವೇಗ ಲೆಕ್ಕಕ್ಕೇ ಬರುವುದಿಲ್ಲ. ಎರಡು ಹೆಚ್ಚುಕಡಿಮೆ ಸಮ ತೂಕದ ನಕ್ಷತ್ರಗಳಾದರೆ ಈ ಸಡಿಲ ಮಾತು ನಡೆಯುವುದಿಲ್ಲ.

ಹಳೇ_ಮೇಷ್ಟ್ರು

ಒಪ್ಪುತ್ತೇನೆ. ತರಗತಿಯಲ್ಲೂ ನಾನು ಈ ಸಡಿಲ ಮಾತೇ ಆಡುತ್ತಿದ್ದೆ. ಅಭ್ಯಾಸ ಬಿಡುವುದಿಲ್ಲ.

ಸುಮ್ನೆ_ಓದುಗ

ಕೊನೆಯ ಪ್ರಶ್ನೆ. 62.5 ಮೆಗಾಜೂಲ್ ಕೊಟ್ಟು ಭೂಮಿಯಿಂದ ಬಿಡುಗಡೆ ಆಯಿತು ಅಂದರೆ ಸೌರಮಂಡಲದ ಹೊರಗೂ ಹೋಗಬಹುದಾ?

ಕಕ್ಷೆಗಾರ

ಇಲ್ಲ. ಭೂಮಿಯ ಬಾವಿ ಸೂರ್ಯನ ದೊಡ್ಡ ಬಾವಿಯ ಗೋಡೆಯಲ್ಲಿ ಕೊರೆದ ಚಿಕ್ಕ ಗುಂಡಿಯ ಹಾಗೆ. ಭೂಮಿ ಇರುವ ದೂರದಲ್ಲಿ ಸೂರ್ಯನ ಲೆಕ್ಕದ ಸಾಲ ಕಿಲೋಗೆ ಸುಮಾರು 887 ಮೆಗಾಜೂಲ್, ಭೂಮಿಯದರ 14 ಪಟ್ಟು. ಅಷ್ಟನ್ನು ತೀರಿಸಲು ಸೆಕೆಂಡಿಗೆ 42.1 ಕಿಲೋಮೀಟರ್ ಬೇಕು. ಭೂಮಿಯ ಓಟದಿಂದಲೇ 29.8 ಪುಕ್ಕಟೆ ಸಿಗುತ್ತದೆ, ಅದೇ ನಮ್ಮ ಪುಣ್ಯ. ವಾಯೇಜರ್ 1 ಹಾರಿದ್ದು 1977ರಲ್ಲಿ. ಅದು ಗುರು ಮತ್ತು ಶನಿ ಗ್ರಹಗಳ ಪಕ್ಕ ಹಾದು ಅವುಗಳ ಓಟದಿಂದ ಒಂದಿಷ್ಟು ವೇಗ ಎರವಲು ಪಡೆಯಿತು. ಈಗ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಹೋಗುತ್ತಿದೆ. ಅಷ್ಟು ದೂರದಲ್ಲಿ ಸೂರ್ಯನಿಂದ ತಪ್ಪಿಸಿಕೊಳ್ಳಲು ಮೂರೂವರೆಯೂ ಸಾಕು, ಹಾಗಾಗಿ ಅದು ವಾಪಸ್ ಬರುವ ಮಾತಿಲ್ಲ.

ಮೂರನೇ_ಬೆಂಚು

ಇವತ್ತು ಇನ್ನೊಂದು ಅಭ್ಯಾಸ ಪತ್ರಿಕೆ ತೆಗೆದೆ. ಮೊದಲ ಪ್ರಶ್ನೆಯೇ ಇದು: ಒಂದೇ ತೂಕದ ಎರಡು ಉಪಗ್ರಹ. ಎರಡನೆಯದು ಮೊದಲನೆಯದರ ಎರಡು ಪಟ್ಟು ದೂರದ ಕಕ್ಷೆಯಲ್ಲಿದೆ. ಪ್ರಚ್ಛನ್ನ, ಚಲನ, ಒಟ್ಟು ಶಕ್ತಿ ಯಾವುದಕ್ಕೆ ಜಾಸ್ತಿ? ನಾನು ಬರೆದದ್ದು: ಪ್ರಚ್ಛನ್ನ ಶಕ್ತಿ ದೂರದ್ದಕ್ಕೆ ಜಾಸ್ತಿ, ಚಲನ ಶಕ್ತಿ ಹತ್ತಿರದ್ದಕ್ಕೆ ಜಾಸ್ತಿ, ಒಟ್ಟು ಶಕ್ತಿ ದೂರದ್ದಕ್ಕೆ ಜಾಸ್ತಿ.

ಹಳೇ_ಮೇಷ್ಟ್ರು

ಮೂರೂ ಸರಿ. ದೂರದ ಉಪಗ್ರಹದ ಒಟ್ಟು ಶಕ್ತಿ ಹತ್ತಿರದ್ದರ ಎಷ್ಟು ಪಟ್ಟು ಅಂತ ಕೇಳಿದ್ದರೆ?

ಮೂರನೇ_ಬೆಂಚು

ಅರ್ಧ. ಅರ್ಧ ಆದ್ದರಿಂದಲೇ ಜಾಸ್ತಿ.

ಗೆಳೆಯನಿಗೆ ಈ ಸಾಲು ಕಳಿಸಿದ್ದೇನೆ. ನೋಡಿದ್ದಾನೆ, ಇನ್ನೂ ಉತ್ತರ ಬಂದಿಲ್ಲ.